ಚಳಿಗಾಲದ ಸಂತೆಯಲ್ಲಿ ಪಿಚರ್ ಕೊಳ್ಳುವಾಗ: ಯಾವ ಕರಾರು, ಯಾವ ಸರದಿ?

2019ರ ಡಿಸೆಂಬರಿನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್‌ನ ಐದು ತಂಡಗಳು ಐವರು ಪಿಚರ್‌ಗಳಿಗೆ, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವವರಿಗೆ, ಒಟ್ಟು 85 ಕೋಟಿ ಡಾಲರಿಗೂ ಮಿಗಿಲಾದ ಕರಾರು ಬರೆದುಕೊಟ್ಟವು. ನ್ಯೂಯಾರ್ಕ್ ಯಾಂಕೀಸ್ ತಂಡವು ಗೆರಿಟ್ ಕೋಲ್‌ಗೆ ಒಂಬತ್ತು ವರ್ಷಕ್ಕೆ 32.4 ಕೋಟಿ, ವಾಷಿಂಗ್ಟನ್ ನ್ಯಾಷನಲ್ಸ್ ಸ್ಟೀಫನ್ ಸ್ಟ್ರಾಸ್‌ಬರ್ಗ್‌ಗೆ ಏಳು ವರ್ಷಕ್ಕೆ 24.5 ಕೋಟಿ, ಫಿಲಡೆಲ್ಫಿಯಾ ಫಿಲ್ಲೀಸ್ ಜ್ಯಾಕ್ ವೀಲರ್‌ಗೆ ಐದು ವರ್ಷಕ್ಕೆ 11.8 ಕೋಟಿ, ಅರಿಝೋನಾ ಡೈಮಂಡ್‌ಬ್ಯಾಕ್ಸ್ ಮ್ಯಾಡಿಸನ್ ಬಮ್‌ಗಾರ್ನರ್‌ಗೆ ಐದು ವರ್ಷಕ್ಕೆ 8.5 ಕೋಟಿ, ಟೊರಾಂಟೊ ಬ್ಲೂ ಜೇಸ್ ದಕ್ಷಿಣ ಕೊರಿಯಾದ ಹ್ಯುನ್ ಜಿನ್ ರ್ಯೂಗೆ ನಾಲ್ಕು ವರ್ಷಕ್ಕೆ 8 ಕೋಟಿ ಡಾಲರ್ ಕೊಡಲು ಒಪ್ಪಿದವು. ಒಂದೇ ತಿಂಗಳಲ್ಲಿ ಒಂದೇ ಸಂತೆಯಲ್ಲಿ ನಡೆದ ಈ ಐದು ವ್ಯಾಪಾರಗಳ ಲಾಭ ನಷ್ಟ ಇಂದು ಬಹುಮಟ್ಟಿಗೆ ತಿಳಿದಿರುವುದರಿಂದ, ಪಿಚರ್‌ನನ್ನು ಆರಿಸುವ ಬಗೆಯನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಐಪಿಎಲ್ ಹರಾಜನ್ನು ನೋಡಿ ಬೆಳೆದವರು ಮೊದಲೇ ಎರಡು ಭೇದಗಳನ್ನು ಗಮನಿಸಬೇಕು. ಅಲ್ಲಿ ಪ್ರತಿ ತಂಡದ ಥೈಲಿಗೂ ಒಂದು ಮಿತಿಯಿದ್ದು ಬೆಲೆ ಎಲ್ಲರ ಕಣ್ಣೆದುರು ಏರುತ್ತದೆ. ಇಲ್ಲಿ ಕಟ್ಟುನಿಟ್ಟಾದ ಮಿತಿಯಿಲ್ಲ, ಮಿತಿಮೀರಿದರೆ ದಂಡರೂಪದ ತೆರಿಗೆಯಷ್ಟೇ ಇದೆ, ಮಾತುಕತೆಯೆಲ್ಲವೂ ಏಜೆಂಟ್ ಮತ್ತು ತಂಡದ ನಡುವೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಎರಡನೆಯದು, ಬೌಲರ್‌ಗೆ ನಾಲ್ಕೇ ಓವರ್ ಇರುವಂತೆ ಪಿಚರ್‌ಗೆ ನಿಯಮದ ಗಡಿಯಿಲ್ಲ. ಅವನನ್ನು ಎಷ್ಟು ಹೊತ್ತು ಆಡಿಸಬೇಕು, ಎಷ್ಟು ದಿನಕ್ಕೊಮ್ಮೆ ಇಳಿಸಬೇಕು ಎಂಬುದನ್ನು ತಂಡವೇ ತೀರ್ಮಾನಿಸುತ್ತದೆ, ಕರಾರಿನ ಬೆಲೆಬಾಳುವಿಕೆಯೂ ಆ ತೀರ್ಮಾನದ ಮೇಲೆಯೇ ನಿಂತಿದೆ. ಆದ್ದರಿಂದ ಮೊದಲು ಸರದಿಯನ್ನು, ಅಂದರೆ ದಿನಕ್ಕೊಬ್ಬರಂತೆ ಪಂದ್ಯ ಆರಂಭಿಸುವ ಪಿಚರ್‌ಗಳ ಸುತ್ತನ್ನು ಯೋಜಿಸಿ, ಆಮೇಲೆ ಆಳನ್ನು ಹುಡುಕಬೇಕು. ಬಹಳಷ್ಟು ತಂಡಗಳು ಇದನ್ನು ತಿರುವುಮುರುವಾಗಿ ಮಾಡುತ್ತವೆ.

ಐದು ಕರಾರುಗಳ ಲೆಕ್ಕ

ಮೊದಲ ಐದು ಋತುಗಳಲ್ಲಿ, ಅಂದರೆ 2020ರಿಂದ 2024ರವರೆಗೆ, ವೀಲರ್ ಸುಮಾರು 829 ಇನ್ನಿಂಗ್ಸ್ ಎಸೆದ (ಇಲ್ಲಿ ಇನ್ನಿಂಗ್ಸ್ ಎಂದರೆ ಎದುರಾಳಿಯ ಮೂವರು ಔಟಾಗುವವರೆಗಿನ ಆಟ, ಪಂದ್ಯಕ್ಕೆ ಇಂಥವು ಒಂಬತ್ತು). ಕರಾರಿನ ಮೊತ್ತವನ್ನು ಅದರಿಂದ ಭಾಗಿಸಿದರೆ ಒಂದು ಇನ್ನಿಂಗ್ಸಿಗೆ ಸುಮಾರು 1.42 ಲಕ್ಷ ಡಾಲರ್ ಬೀಳುತ್ತದೆ. ಅದೇ ಐದು ವರ್ಷಗಳಲ್ಲಿ ಕೋಲ್ ಸುಮಾರು 759 ಇನ್ನಿಂಗ್ಸ್ ಎಸೆದ, ವರ್ಷಕ್ಕೆ 3.6 ಕೋಟಿಯಂತೆ ಹಿಡಿದರೆ ಇನ್ನಿಂಗ್ಸಿಗೆ 2.37 ಲಕ್ಷ. ರ್ಯೂ ನಾಲ್ಕು ವರ್ಷಗಳಲ್ಲಿ 315 ಇನ್ನಿಂಗ್ಸ್ ಎಸೆದಿದ್ದರಿಂದ ಅವನದು ಸುಮಾರು 2.54 ಲಕ್ಷ. ಸ್ಟ್ರಾಸ್‌ಬರ್ಗ್ ಎಸೆದದ್ದು ಒಟ್ಟು ಎಂಟು ಪಂದ್ಯಗಳಲ್ಲಿ 31 ಇನ್ನಿಂಗ್ಸ್ ಮತ್ತು ಒಂದು ಔಟ್. ಇನ್ನಿಂಗ್ಸ್ ಒಂದಕ್ಕೆ 78 ಲಕ್ಷ ಡಾಲರ್. 2020ರ ಋತುವು ಕೋವಿಡ್‌ನಿಂದಾಗಿ 60 ಪಂದ್ಯಗಳಿಗೆ ಇಳಿದು ಸಂಬಳವೂ ಅದೇ ಪ್ರಮಾಣದಲ್ಲಿ ಕಡಿತಗೊಂಡಿದ್ದರಿಂದ ನಿಜವಾಗಿ ಕೈಸೇರಿದ ಹಣ ಇದಕ್ಕಿಂತ ಕಡಿಮೆ, ಆದರೆ ಹೋಲಿಕೆಗೆ ಕರಾರಿನ ಅಂಕಿಗಳು ಸಾಕು.

ಇನ್ನು ಬಮ್‌ಗಾರ್ನರ್. ಅವನ 363 ಇನ್ನಿಂಗ್ಸ್‌ಗಳಿಗೆ 8.5 ಕೋಟಿಯನ್ನು ಹಂಚಿದರೆ ಸುಮಾರು 2.34 ಲಕ್ಷ ಬರುತ್ತದೆ, ಅಂದರೆ ಹೆಚ್ಚುಕಡಿಮೆ ಕೋಲ್‌ನ ದರವೇ. ಈ ಒಂದು ಅಂಕಿಯನ್ನು ನಂಬಿದವನು ಮೋಸಹೋದಂತೆಯೇ ಸರಿ. ಕೋಲ್ ಆ ಅವಧಿಯಲ್ಲಿ, 2023ರಲ್ಲಿ, 209 ಇನ್ನಿಂಗ್ಸ್ ಎಸೆದು 2.63 ಇಆರ್‌ಎಯೊಂದಿಗೆ ಒಂದು ಮತವೂ ತಪ್ಪದಂತೆ, ಅಮೆರಿಕನ್ ಲೀಗ್ ಎಂಬ ವಿಭಾಗದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಗೆದ್ದ. ಬಮ್‌ಗಾರ್ನರ್‌ನ ಅರಿಝೋನಾ ಕಾಲದ ಇಆರ್‌ಎ 5.23, ಮತ್ತು 2023ರ ಏಪ್ರಿಲ್‌ನಲ್ಲಿ ತಂಡವು ಉಳಿದ ಸಂಬಳವನ್ನು ತಾನೇ ಹೊತ್ತುಕೊಂಡು ಅವನನ್ನು ಕೈಬಿಟ್ಟಿತು. ಇಆರ್‌ಎ ಎಂದರೆ, ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟು, ಪಿಚರ್ ಒಂಬತ್ತು ಇನ್ನಿಂಗ್ಸಿಗೆ ಸರಾಸರಿ ಎಷ್ಟು ರನ್ ಬಿಟ್ಟುಕೊಡುತ್ತಾನೆ ಎಂಬ ಅಳತೆ. ಅದು ಐದನ್ನು ದಾಟಿದವನು ಎಷ್ಟು ಹೆಚ್ಚು ಎಸೆಯುತ್ತಾನೋ ತಂಡಕ್ಕೆ ಅಷ್ಟು ಹಾನಿ. ಹಾಗಾಗಿ ಇನ್ನಿಂಗ್ಸಿನ ದರವನ್ನು ನೋಡುವಾಗ ಆ ಇನ್ನಿಂಗ್ಸುಗಳ ಗುಣವನ್ನೂ ಜೊತೆಯಲ್ಲೇ ನೋಡಬೇಕು.

ಈ ವ್ಯತ್ಯಾಸವನ್ನು 2019ರಲ್ಲೇ ಕಾಣಬಹುದಿತ್ತೇ? ಭಾಗಶಃ ಕಾಣಬಹುದಿತ್ತು ಎಂದೇ ನನ್ನ ಅಭಿಪ್ರಾಯ. ಆ ವರ್ಷ ವೀಲರ್‌ನ ಇಆರ್‌ಎ 3.96, ನೋಡುವವರ ಕಣ್ಣಿಗೆ ಸಾಧಾರಣ. ಆದರೆ ಅವನ ವೇಗದ ಎಸೆತ ಗಂಟೆಗೆ 96 ಮೈಲಿಯ ಮೇಲೆಯೇ ನಿಂತಿತ್ತು, ವಯಸ್ಸು 29, ಹಿಂದಿನ ಎರಡು ಋತುಗಳಲ್ಲಿ ಅವನು ಸರದಿಯನ್ನು ಹೆಚ್ಚಾಗಿ ತಪ್ಪಿಸಿರಲಿಲ್ಲ. 2015ರಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾಗಿ ಎರಡು ಋತುಗಳನ್ನು ಕಳೆದುಕೊಂಡಿದ್ದ ಎಂಬ ಕಾರಣಕ್ಕೆ ಅವನ ಬೆಲೆ ಕೊಂಚ ತಗ್ಗಿತ್ತು. ಬಮ್‌ಗಾರ್ನರ್‌ನ ಕಥೆ ಇದಕ್ಕೆ ವಿರುದ್ಧ. 2014ರ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯ ಏಳನೆಯ ಪಂದ್ಯದಲ್ಲಿ ಎರಡೇ ದಿನದ ವಿರಾಮದ ಮೇಲೆ ಬಂದು ಐದು ಇನ್ನಿಂಗ್ಸ್ ಎಸೆದು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಕಿರೀಟ ತೊಡಿಸಿದವನ ಹೆಸರಿಗೆ ಅರಿಝೋನಾ ಹಣ ತೆತ್ತಿತು. ವೇಗ ಇಳಿಯುತ್ತಿತ್ತು, 2019ರಲ್ಲಿ ಅವನು ಪಿಚರ್‌ಗಳಿಗೆ ಅನುಕೂಲವಾದ ಸ್ಯಾನ್ ಫ್ರಾನ್ಸಿಸ್ಕೊದ ತವರಿನಲ್ಲಿ ಚೆನ್ನಾಗಿ ಆಡಿ ಹೊರಗಿನ ಅಂಗಳಗಳಲ್ಲಿ ಧಾರಾಳವಾಗಿ ರನ್ ಬಿಟ್ಟುಕೊಡುತ್ತಿದ್ದ. ತವರು ಬದಲಾದ ಮೇಲೆ ಏನಾಗಬಹುದೆಂದು ಊಹಿಸಲು ದೊಡ್ಡ ಗಣಿತ ಬೇಕಿರಲಿಲ್ಲ.

ಸ್ಟ್ರಾಸ್‌ಬರ್ಗ್‌ನ ವಿಷಯವನ್ನು ಮಾತ್ರ ಅಷ್ಟು ಸುಲಭವಾಗಿ ತಪ್ಪು ಎನ್ನಲಾರೆ. ಅವನು 2019ರಲ್ಲಿ 209 ಇನ್ನಿಂಗ್ಸ್ ಎಸೆದಿದ್ದ, 18 ಪಂದ್ಯಗಳನ್ನು ಗೆದ್ದಿದ್ದ, ವರ್ಲ್ಡ್ ಸೀರೀಸಿನ ಶ್ರೇಷ್ಠ ಆಟಗಾರನೆನಿಸಿದ್ದ. ಮರುವರ್ಷದ ಆಗಸ್ಟ್ 14ರಂದು ಬಾಲ್ಟಿಮೋರ್ ವಿರುದ್ಧ ಮೊದಲ ಇನ್ನಿಂಗ್ಸಿನಲ್ಲೇ 16 ಎಸೆತಗಳ ಬಳಿಕ, ಬಲಗೈ ಜೋಮುಹಿಡಿದು, ಅವನು ಮೈದಾನ ಬಿಟ್ಟು ಹೊರನಡೆದ. ನಿರ್ಣಾಯಕ ಸುಳಿವು ಇದ್ದದ್ದು ಮೊಣಕೈಯಲ್ಲಲ್ಲ, ನರದಲ್ಲಿ. ಮೊದಲು ಮಣಿಕಟ್ಟಿನ ನರಕ್ಕೆ, 2021ರಲ್ಲಿ ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವೆ ನರಗಳು ಒತ್ತಿಹೋಗುವ ಥೊರಾಸಿಕ್ ಔಟ್‌ಲೆಟ್ ಎಂಬ ತೊಂದರೆಗೆ ಶಸ್ತ್ರಚಿಕಿತ್ಸೆ ನಡೆಯಿತು. 2022ರ ಜೂನ್‌ನಲ್ಲಿ ಮಯಾಮಿಯಲ್ಲಿ ಆಡಿದ ಪಂದ್ಯವೇ ಅವನ ಕೊನೆಯದಾಯಿತು. ಮೊಣಕೈಯ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾದವರು ಹನ್ನೆರಡರಿಂದ ಹದಿನೆಂಟು ತಿಂಗಳಲ್ಲಿ ಮರಳುವುದು ಇಂದು ಸಾಮಾನ್ಯ. ಭುಜ ಮತ್ತು ನರದ ತೊಂದರೆಗಳಿಗೆ ಅಂಥ ಭರವಸೆಯಿಲ್ಲ. ವೈದ್ಯಕೀಯ ವರದಿ ಓದುವಾಗ ನಾನು ಮೊಣಕೈಯ ಹಳೆಯ ಗಾಯಕ್ಕೆ ಒಂದು ಪಾಲು ಹೆದರಿದರೆ ಭುಜದ ಹೊಸ ನೋವಿಗೆ ಮೂರು ಪಾಲು ಹೆದರುತ್ತೇನೆ. ವೀಲರ್‌ನ ತೋಳಿನಲ್ಲೂ 2025ರ ಆಗಸ್ಟ್‌ನಲ್ಲಿ ರಕ್ತ ಹೆಪ್ಪುಗಟ್ಟಿ ಋತು ಅರ್ಧದಲ್ಲೇ ಮುಗಿಯಿತು, ಆದರೆ ಅದು ಅವನ ಎರಡನೆಯ ಕರಾರಿನ ಕಾಲ. ಮೊದಲನೆಯದು ಅಷ್ಟರಲ್ಲಿ ಬಡ್ಡಿಸಮೇತ ಸಂದಾಯವಾಗಿತ್ತು.

ದೀರ್ಘ ಕರಾರೋ, ಗಿಡ್ಡ ಕರಾರೋ

ದೀರ್ಘ ಕರಾರಿಗೆ ಸಹಿ ಹಾಕುವ ತಂಡ ಒಂದು ಋತು ಪೂರ್ತಿಯಾಗಿ ಗಾಯಕ್ಕೆ ಹೋಗುತ್ತದೆ ಎಂದು ಮೊದಲ ದಿನವೇ ಬರೆದಿಟ್ಟುಕೊಳ್ಳುವುದು ಕ್ಷೇಮ. ಕೋಲ್ ತನ್ನ ಆರನೆಯ ವರ್ಷವಾದ 2025ನ್ನು ಮಾರ್ಚ್‌ನಲ್ಲಿ ನಡೆದ ಟಾಮಿ ಜಾನ್ ಶಸ್ತ್ರಚಿಕಿತ್ಸೆಗೆ ಕಳೆದುಕೊಂಡ. ಜೇಕಬ್ ಡಿಗ್ರಾಮ್ 2022ರ ಡಿಸೆಂಬರಿನಲ್ಲಿ ಟೆಕ್ಸಸ್ ರೇಂಜರ್ಸ್ ಜೊತೆ ಐದು ವರ್ಷಕ್ಕೆ 18.5 ಕೋಟಿಯ ಕರಾರು ಮಾಡಿಕೊಂಡು, ಮೊದಲ ಋತುವಿನಲ್ಲಿ ಆರೇ ಪಂದ್ಯಗಳ ಬಳಿಕ ಅದೇ ಶಸ್ತ್ರಚಿಕಿತ್ಸೆಗೆ ಹೋದ. ಪೂರ್ಣ ಋತು ಆಡಲು 2025ರವರೆಗೆ ಕಾಯಬೇಕಾಯಿತು. ಹಾಗಿದ್ದೂ ರೇಂಜರ್ಸ್ 2023ರಲ್ಲಿ ತನ್ನ ಇತಿಹಾಸದ ಮೊದಲ ವರ್ಲ್ಡ್ ಸೀರೀಸನ್ನು ಗೆದ್ದಿತು. ಅದಕ್ಕೆ ಕಾರಣ, ಡಿಗ್ರಾಮ್‌ನನ್ನು ಕೊಂಡ ಅದೇ ಚಳಿಗಾಲದಲ್ಲಿ ತಂಡವು ನೇತನ್ ಇಯೊವಾಲ್ಡಿಯನ್ನು ಎರಡು ವರ್ಷಕ್ಕೆ 3.4 ಕೋಟಿಗೆ ಕೊಂಡಿತ್ತು, ಆಂಡ್ರೂ ಹೀನಿಯನ್ನೂ ಸೇರಿಸಿಕೊಂಡಿತ್ತು, ಋತುವಿನ ನಡುವೆ ಜೋರ್ಡನ್ ಮಾಂಟ್‌ಗಮರಿ ಮತ್ತು ಮ್ಯಾಕ್ಸ್ ಶೆರ್ಜರ್ ಇಬ್ಬರನ್ನೂ ವಿನಿಮಯದಲ್ಲಿ ತಂದುಕೊಂಡಿತು. ಇಯೊವಾಲ್ಡಿ ಆ ಅಕ್ಟೋಬರಿನ ನಾಕ್‌ಔಟ್ ಹಂತದಲ್ಲಿ ಐದು ಪಂದ್ಯ ಗೆದ್ದು ಒಂದನ್ನೂ ಸೋಲಲಿಲ್ಲ. ಒಬ್ಬ ತಾರೆಗೆ ಇದ್ದ ಹಣವನ್ನೆಲ್ಲ ಸುರಿದು ಉಳಿದ ನಾಲ್ಕು ಸ್ಥಾನಗಳನ್ನು ಬರಿದಾಗಿಡುವ ತಂಡಗಳನ್ನು ಕಂಡಾಗ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ನಮ್ಮ ಗಾದೆ ನೆನಪಾಗುತ್ತದೆ.

ಗಿಡ್ಡ ಕರಾರಿನ ಆಕರ್ಷಣೆ ಬೇರೆ. ಬ್ಲೇಕ್ ಸ್ನೆಲ್ 2023ರಲ್ಲಿ ಇನ್ನೊಂದು ವಿಭಾಗವಾದ ನ್ಯಾಷನಲ್ ಲೀಗ್‌ನ ಸೈ ಯಂಗ್ ಪ್ರಶಸ್ತಿ ವಿಜೇತನಾಗಿದ್ದರೂ ಬಯಸಿದ ಬೆಲೆ ಸಿಗದೆ, 2024ರ ಮಾರ್ಚ್ ನಡುವಿನವರೆಗೆ ಕಾದು, ಜೈಂಟ್ಸ್ ಜೊತೆ ಎರಡು ವರ್ಷಕ್ಕೆ 6.2 ಕೋಟಿಗೆ ಸಹಿ ಹಾಕಿದ. ಮೊದಲ ವರ್ಷದ ಬಳಿಕ ಬಿಟ್ಟುಹೋಗುವ ಆಯ್ಕೆ ಅವನಿಗಿತ್ತು. ಸಿದ್ಧತೆ ಸಾಲದೆ ಮೊದಲ ಆರು ಪಂದ್ಯಗಳಲ್ಲಿ ಅವನ ಇಆರ್‌ಎ 9.51 ಆಯಿತು. ಗಾಯದಿಂದ ಜುಲೈನಲ್ಲಿ ಮರಳಿದವನು ಉಳಿದ 14 ಪಂದ್ಯಗಳಲ್ಲಿ ಅದನ್ನು 1.23ಕ್ಕೆ ತಂದ, ಆಗಸ್ಟ್ 2ರಂದು ಸಿನ್ಸಿನಾಟಿ ವಿರುದ್ಧ ಒಂದೂ ಹಿಟ್ (ಬ್ಯಾಟರ್‌ನನ್ನು ಸುರಕ್ಷಿತವಾಗಿ ಬೇಸ್ ಮುಟ್ಟಿಸುವ ಹೊಡೆತ) ಕೊಡದೆ ಇಡೀ ಪಂದ್ಯ ಮುಗಿಸಿದ. ಋತು ಮುಗಿದೊಡನೆ ಬಿಡುಗಡೆ ಪಡೆದು ಲಾಸ್ ಏಂಜಲೀಸ್ ಡಾಜರ್ಸ್ ಜೊತೆ ಐದು ವರ್ಷಕ್ಕೆ 18.2 ಕೋಟಿಗೆ ಸೇರಿಕೊಂಡ. ಆಪ್ಟ್‌ಔಟ್ ಎಂಬ ಈ ಷರತ್ತು ಆಟಗಾರನ ಪಾಲಿಗಷ್ಟೇ ಲಾಭದ್ದು. ಅವನು ಚೆನ್ನಾಗಿ ಆಡಿದರೆ ಹೊರಟುಹೋಗುತ್ತಾನೆ, ಕೆಟ್ಟದಾಗಿ ಆಡಿದರೆ ಉಳಿಯುತ್ತಾನೆ.

ಉಳಿದರೆ ಏನಾಗುತ್ತದೆ ಎಂಬುದಕ್ಕೆ ಮಾಂಟ್‌ಗಮರಿಯೇ ಸಾಕ್ಷಿ. ವಿಶ್ವವಿಜೇತ ತಂಡದ ಪಿಚರ್ ಎಂಬ ಹೆಮ್ಮೆಯೊಂದಿಗೆ ಅವನೂ ಮಾರ್ಚ್ ಕೊನೆಯವರೆಗೆ ಕಾದು ಅರಿಝೋನಾ ಜೊತೆ ಒಂದು ವರ್ಷಕ್ಕೆ 2.5 ಕೋಟಿಯ ಕರಾರು ಮಾಡಿಕೊಂಡ; ನಿಗದಿತ ಸಂಖ್ಯೆಯ ಪಂದ್ಯಗಳನ್ನು ಆರಂಭಿಸಿದರೆ ಎರಡನೆಯ ವರ್ಷ ಉಳಿಯುವ ಹಕ್ಕು ಅವನದಾಗುತ್ತಿತ್ತು. ಇಆರ್‌ಎ 6.23ಕ್ಕೆ ಏರಿ ಬುಲ್‌ಪೆನ್‌ಗೆ, ಅಂದರೆ ಪಂದ್ಯದ ನಡುವೆ ಬದಲಿಯಾಗಿ ಇಳಿಯುವವರ ಗುಂಪಿಗೆ, ತಳ್ಳಲ್ಪಟ್ಟರೂ ಆ ಸಂಖ್ಯೆಯನ್ನು ಅಷ್ಟರಲ್ಲಿ ಮುಟ್ಟಿಯಾಗಿತ್ತು. ತಂಡದ ಮಾಲೀಕ ಕೆನ್ ಕೆಂಡ್ರಿಕ್ ಈ ಸಹಿಯ ತಪ್ಪು ತಮ್ಮದೇ ಎಂದು ರೇಡಿಯೊದಲ್ಲಿ ಬಹಿರಂಗವಾಗಿಯೇ ಒಪ್ಪಿಕೊಂಡರು. ಎರಡನೆಯ ವರ್ಷ ಅವನು ಶಸ್ತ್ರಚಿಕಿತ್ಸೆಗೆ ಹೋಗಿ ಅರಿಝೋನಾಕ್ಕಾಗಿ ಒಂದು ಎಸೆತವನ್ನೂ ಎಸೆಯಲಿಲ್ಲ. ಗಿಡ್ಡ ಕರಾರು ಮಾಡುವುದಾದರೆ ಜನವರಿಯೊಳಗೆ ಮಾಡಿ. ತರಬೇತಿ ಶಿಬಿರ ಮುಗಿಯುವ ಹೊತ್ತಿಗೆ ಅಗ್ಗವಾಗಿ ಸಿಗುವ ಪಿಚರ್ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ತಂಡದ ಖರ್ಚಿನಲ್ಲಿ ತರಬೇತಿಗೆ ಬಳಸುತ್ತಾನೆ. ಡೆಟ್ರಾಯಿಟ್ ಟೈಗರ್ಸ್ 2023ರ ಡಿಸೆಂಬರಿನಲ್ಲೇ ಜ್ಯಾಕ್ ಫ್ಲಾಹರ್ಟಿಯನ್ನು ಒಂದು ವರ್ಷಕ್ಕೆ 1.4 ಕೋಟಿಗೆ ಕೊಂಡು, ಅವನು ಚೇತರಿಸಿಕೊಂಡ ಮೇಲೆ ಜುಲೈನಲ್ಲಿ ಡಾಜರ್ಸ್‌ಗೆ ಕೊಟ್ಟು ಯುವ ಆಟಗಾರರನ್ನು ಪಡೆದುಕೊಂಡದ್ದು ಈ ದಾರಿಯ ಒಳ್ಳೆಯ ಮಾದರಿ.

ಜಪಾನಿನಿಂದ ತರುವುದು, ವಿನಿಮಯದಿಂದ ತರುವುದು

ಯೊಶಿನೊಬು ಯಮಮೊಟೊಗೆ ಡಾಜರ್ಸ್ 2023ರ ಡಿಸೆಂಬರಿನಲ್ಲಿ ಹನ್ನೆರಡು ವರ್ಷಕ್ಕೆ 32.5 ಕೋಟಿ ಕೊಡಲು ಒಪ್ಪಿ, ಅದರ ಮೇಲೆ ಅವನ ಜಪಾನಿ ತಂಡವಾದ ಓರಿಕ್ಸ್ ಬಫಲೋಸ್‌ಗೆ ಅವನನ್ನು ಬಿಟ್ಟುಕೊಟ್ಟದ್ದಕ್ಕೆ ಸುಮಾರು 5.06 ಕೋಟಿ ಡಾಲರನ್ನು ಪೋಸ್ಟಿಂಗ್ ಶುಲ್ಕವಾಗಿ ತೆತ್ತಿತು. ಅಮೆರಿಕದಲ್ಲಿ ಒಂದು ಎಸೆತವನ್ನೂ ಎಸೆಯದವನಿಗೆ ಇಷ್ಟು ಹಣವೇ ಎಂದು ಹುಬ್ಬೇರಿಸಿದವರು ಬಹಳ. ಆದರೆ ಅವನ ವಯಸ್ಸು 25. ಫ್ರೀ ಏಜೆಂಟ್, ಅಂದರೆ ಯಾವ ತಂಡಕ್ಕಾದರೂ ಹೋಗಲು ಸ್ವತಂತ್ರ, ಆಗುವ ಹೊತ್ತಿಗೆ ಅಮೆರಿಕದ ಪಿಚರ್ ಸಾಮಾನ್ಯವಾಗಿ 29 ದಾಟಿರುತ್ತಾನೆ, ಅಂದರೆ ಅವನ ತೋಳಿನ ಉತ್ತಮ ವರ್ಷಗಳಲ್ಲಿ ಒಂದಷ್ಟು ಆಗಲೇ ಬೇರೆಯವರ ಪಾಲಾಗಿರುತ್ತವೆ. ಈ ದಾರಿಯ ತೊಡಕು ಅಭ್ಯಾಸದ್ದು: ಜಪಾನಿನಲ್ಲಿ ಪಿಚರ್ ವಾರಕ್ಕೊಮ್ಮೆ ಎಸೆಯುತ್ತಾನೆ, ಅಮೆರಿಕದಲ್ಲಿ ಐದನೆಯ ದಿನಕ್ಕೆ ಮತ್ತೆ ಮೈದಾನಕ್ಕಿಳಿಯಬೇಕು. ಮೊದಲ ವರ್ಷ ಭುಜದ ನೋವಿನಿಂದ ಅವನು 18 ಪಂದ್ಯಗಳಿಗೆ ಸೀಮಿತನಾದ. ಈ ದಾರಿಯನ್ನು ಆರಿಸುವ ತಂಡವು ಸರದಿಯನ್ನೂ ಅವನಿಗೆ ತಕ್ಕಂತೆ ಬದಲಿಸಿಕೊಳ್ಳಲು ಸಿದ್ಧವಿರಬೇಕು.

ವಿನಿಮಯದಲ್ಲಿ ತರುವ ಪಿಚರ್‌ಗೆ ಬೆಲೆಯನ್ನು ಹಣದ ಬದಲು ಯುವ ಆಟಗಾರರ ರೂಪದಲ್ಲಿ ಕೊಡಬೇಕಾಗುತ್ತದೆ. ಬಾಸ್ಟನ್ ರೆಡ್ ಸಾಕ್ಸ್ 2024ರ ಡಿಸೆಂಬರಿನಲ್ಲಿ ನಾಲ್ವರು ಉದಯೋನ್ಮುಖ ಆಟಗಾರರನ್ನು ಶಿಕಾಗೊ ವೈಟ್ ಸಾಕ್ಸ್‌ಗೆ ಕೊಟ್ಟು ಗ್ಯಾರೆಟ್ ಕ್ರೋಶೆಯನ್ನು ತಂದುಕೊಂಡಿತು, ಋತು ಆರಂಭವಾದ ಮೇಲೆ ಆರು ವರ್ಷಕ್ಕೆ 17 ಕೋಟಿಯ ಕರಾರನ್ನೂ ಬರೆಯಿತು. ಅವನು 2025ರಲ್ಲಿ 205 ಇನ್ನಿಂಗ್ಸ್ ಎಸೆದ. ಯುವ ಆಟಗಾರರ ಕಣಜ ತುಂಬಿರುವ ತಂಡಕ್ಕೆ ಇದು ನನ್ನ ಮೊದಲ ಶಿಫಾರಸು. ಕಣಜವೇ ಖಾಲಿಯಿದ್ದರೆ ಈ ಮಾತೇ ಏಳುವುದಿಲ್ಲ.

ತೆರಿಗೆಯ ವಿಷಯವನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. 2026ಕ್ಕೆ ಸಂಬಳದ ಗಡಿ 24.4 ಕೋಟಿ ಡಾಲರ್. ದಾಟಿದ ಮೊತ್ತಕ್ಕೆ ಮೊದಲ ವರ್ಷ ಶೇ. 20, ಸತತ ಎರಡನೆಯ ವರ್ಷ ಶೇ. 30, ಮೂರನೆಯ ವರ್ಷದಿಂದ ಶೇ. 50 ತೆರಿಗೆ, ಬಹಳ ದೂರ ದಾಟಿದರೆ ಅದರ ಮೇಲೆ ಹೆಚ್ಚುವರಿ. ಹಳೆಯ ತಂಡದ ಕ್ವಾಲಿಫೈಯಿಂಗ್ ಆಫರ್ ಎಂಬ ಒಂದು ವರ್ಷದ ಪ್ರಸ್ತಾಪವನ್ನು, 2025ರ ಚಳಿಗಾಲದಲ್ಲಿ ಇದು 2 ಕೋಟಿ 20 ಲಕ್ಷ ಚಿಲ್ಲರೆ, ನಿರಾಕರಿಸಿ ಬಂದ ಪಿಚರ್‌ನನ್ನು ಕೊಂಡರೆ ಹೊಸ ತಂಡ ಮುಂದಿನ ಡ್ರಾಫ್ಟ್‌ನಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಅವಕಾಶಗಳನ್ನೂ ಕಳೆದುಕೊಳ್ಳುತ್ತದೆ. ಸಣ್ಣ ತಂಡಗಳಿಗೆ ಎಷ್ಟೋ ಸಲ ಸಂಬಳಕ್ಕಿಂತ ಈ ಆಯ್ಕೆಯೇ ಭಾರ.

ಐವರ ಸರದಿ, ಆರು ಮಂದಿಯ ಸರದಿ, ಓಪನರ್

ಒಂದು ಋತುವಿನಲ್ಲಿ 162 ಪಂದ್ಯಗಳಿರುತ್ತವೆ. ಐವರ ಸರದಿಯಲ್ಲಿ ಒಬ್ಬನಿಗೆ ಸುಮಾರು 32 ಪಂದ್ಯಗಳು, ಆರು ಮಂದಿಯದರಲ್ಲಿ 27. ವರ್ಷಕ್ಕೆ 3.6 ಕೋಟಿ ಪಡೆಯುವವನು 32 ಪಂದ್ಯ ಆರಂಭಿಸಿದರೆ ಪಂದ್ಯಕ್ಕೆ 11 ಲಕ್ಷ ಚಿಲ್ಲರೆ, 27ಕ್ಕೆ ಇಳಿದರೆ 13 ಲಕ್ಷ ದಾಟುತ್ತದೆ. ಆ ಐದು ಪಂದ್ಯಗಳನ್ನು ಅವನಿಂದ ಕಿತ್ತು ಕೊಡುವುದು ಆರನೆಯವನಿಗೆ. ಅವನು ಎಂಥವನು ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಮೊದಲನೆಯವನಿಗೂ ಆರನೆಯವನಿಗೂ ಅಜಗಜಾಂತರವಿದ್ದರೆ ಈ ಯೋಜನೆ ಕೈಯಿಂದ ದುಡ್ಡು ಕೊಟ್ಟು ಸೋಲು ಕೊಂಡಂತೆ. ಅದರ ಮೇಲೆ, 26 ಮಂದಿಯ ಪಟ್ಟಿಯಲ್ಲಿ ಪಿಚರ್‌ಗಳು 13ಕ್ಕಿಂತ ಹೆಚ್ಚಿರುವಂತಿಲ್ಲ, ಹಾಗಾಗಿ ಪಂದ್ಯ ಆರಂಭಿಸುವ ಆರು ಸ್ಟಾರ್ಟರ್‌ಗಳೆಂದರೆ ಬುಲ್‌ಪೆನ್‌ನಲ್ಲಿ ಏಳೇ ಜನ. ಡಾಜರ್ಸ್‌ಗೆ ಈ ಇಕ್ಕಟ್ಟು ಕಡಿಮೆ, ಏಕೆಂದರೆ ಎಸೆಯುವುದನ್ನೂ ಹೊಡೆಯುವುದನ್ನೂ ಮಾಡುವ ಶೊಹೆ ಒಹ್ತಾನಿ ನಿಯಮದ ಪ್ರಕಾರ ಆ 13ರಲ್ಲಿ ಸೇರುವುದಿಲ್ಲ. ಅವರನ್ನು ನೋಡಿ ಉಳಿದವರು ಆರು ಮಂದಿಯ ಸರದಿಗೆ ಹೊರಡುವುದು ಹುಲಿಯನ್ನು ನೋಡಿ ನರಿ ಮೈಸುಟ್ಟುಕೊಂಡ ಕಥೆಯಾದೀತು.

ಮೂರನೆಯ ದಾರಿ ಓಪನರ್, ಅಂದರೆ ಮೊದಲ ಒಂದೆರಡು ಇನ್ನಿಂಗ್ಸಿಗಷ್ಟೇ ಇಳಿಸುವ ಪಿಚರ್. 2018ರ ಮೇ 19ರಂದು ಟ್ಯಾಂಪಾ ಬೇ ರೇಸ್ ತಂಡವು ವರ್ಷಗಳಿಂದ ರಿಲೀವರ್, ಅಂದರೆ ನಡುವೆ ಇಳಿಯುವ ಬದಲಿ ಪಿಚರ್ ಆಗಿದ್ದ ಸೆರ್ಜಿಯೊ ರೊಮೊನನ್ನು ಏಂಜಲ್ಸ್ ವಿರುದ್ಧ ಮೊದಲ ಇನ್ನಿಂಗ್ಸಿಗೆ ಇಳಿಸಿತು. ಅವನು ಮೂವರನ್ನೂ ಸ್ಟ್ರೈಕ್‌ಔಟ್ ಮಾಡಿ ಹೊರಬಂದ, ಮರುದಿನ ಮತ್ತೆ ಅವನೇ ಆರಂಭಿಸಿದ. ಎದುರಾಳಿಯ ಅತ್ಯುತ್ತಮ ಬ್ಯಾಟರ್‌ಗಳು ಮೊದಲ ಇನ್ನಿಂಗ್ಸಿನಲ್ಲಿ ಬಂದೇ ಬರುತ್ತಾರೆ, ಒಬ್ಬನೇ ಪಿಚರ್‌ನನ್ನು ಮೂರನೆಯ ಸಲ ಎದುರಿಸುವಾಗ ಅವರಿಗೆ ಅವನ ಎಸೆತಗಳ ಗುಟ್ಟು ತಿಳಿದಿರುತ್ತದೆ ಎಂಬ ಎರಡು ತಿಳಿವಳಿಕೆಗಳ ಮೇಲೆ ಈ ಉಪಾಯ ನಿಂತಿದೆ. ನಾಲ್ಕನೆಯ ಐದನೆಯ ಸ್ಥಾನಕ್ಕೆ ದುಬಾರಿ ಪಿಚರ್‌ನನ್ನು ಕೊಳ್ಳಲಾಗದ ತಂಡಕ್ಕೆ ಇದು ನಿಜಕ್ಕೂ ಉಪಯುಕ್ತ. ಆದರೆ ತತ್ವವನ್ನು ಮೂಗುದಾರವಾಗಿ ಕಟ್ಟಿಕೊಂಡರೆ ಏನಾಗುತ್ತದೆಂಬುದನ್ನೂ ಅದೇ ರೇಸ್ ತೋರಿಸಿತು. 2020ರ ವರ್ಲ್ಡ್ ಸೀರೀಸಿನ ಆರನೆಯ ಪಂದ್ಯದಲ್ಲಿ ಸ್ನೆಲ್ 73 ಎಸೆತಗಳಲ್ಲಿ ಒಂಬತ್ತು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿ 1-0 ಮುನ್ನಡೆಯನ್ನು ಕಾಯುತ್ತಿದ್ದಾಗ, ಆರನೆಯ ಇನ್ನಿಂಗ್ಸಿನಲ್ಲಿ ಒಂದು ಹಿಟ್ ಬಿದ್ದೊಡನೆ ಮ್ಯಾನೇಜರ್ ಕೆವಿನ್ ಕ್ಯಾಶ್ ಅವನನ್ನು ಹೊರಗೆ ಕರೆದರು. ಮೂರನೆಯ ಸಲ ಬರಲಿದ್ದವನು ಮುಕಿ ಬೆಟ್ಸ್. ರೇಸ್ ಆ ಇನ್ನಿಂಗ್ಸಿನಲ್ಲೇ ಮುನ್ನಡೆ ಕಳೆದುಕೊಂಡು 3-1ರಿಂದ ಸೋತಿತು, ಡಾಜರ್ಸ್ ಚಾಂಪಿಯನ್ ಆಯಿತು.

ಹೀಗೆ ನೋಡಿದಾಗ ಆಯ್ಕೆ ತಂಡದ ಸ್ಥಿತಿಯಿಂದಲೇ ಹೊರಡುತ್ತದೆ. ಸರದಿಯಲ್ಲಿ ಎರಡು ಮೂರು ನೆಚ್ಚಬಹುದಾದ ತೋಳುಗಳು ಈಗಾಗಲೇ ಇದ್ದರೆ ಐವರ ಸರದಿಯನ್ನು ಇಟ್ಟುಕೊಂಡು ಒಬ್ಬ ಕೋಲ್‌ಗೆ ಹಣ ಹಾಕಬಹುದು. 2024ರಲ್ಲಿ ಇಡೀ ಲೀಗ್‌ನಲ್ಲಿ 200 ಇನ್ನಿಂಗ್ಸ್ ಮುಟ್ಟಿದವರು ನಾಲ್ವರೇ ಆದ್ದರಿಂದ, ಅಂಥವನ ಬೆಲೆ ಇನ್ನೂ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಸರದಿ ತೂತುಬಿದ್ದಿದ್ದರೆ ಅದೇ ಹಣಕ್ಕೆ ಒಬ್ಬ ವೀಲರ್ ಮತ್ತು ಒಬ್ಬ ಇಯೊವಾಲ್ಡಿ ಸಿಗುತ್ತಾರೆಯೇ ಎಂದು ಹುಡುಕಬೇಕು. ಎರಡು ವರ್ಷದೊಳಗೆ ಗೆಲ್ಲುವ ಆಸೆಯಿಲ್ಲದ ತಂಡಕ್ಕೆ ಫ್ಲಾಹರ್ಟಿಯಂಥ ಒಂದು ವರ್ಷದ ಕರಾರೇ ಸರಿ. ಭುಜದ ಇತಿಹಾಸವಿರುವ 31 ದಾಟಿದವನಿಗೆ ಏಳು ವರ್ಷದ ಕರಾರನ್ನು, ಅವನ ಕೈಯಲ್ಲಿ ಯಾವ ಪ್ರಶಸ್ತಿಯಿದ್ದರೂ, ನಾನಂತೂ ಬರೆಯಲಾರೆ.

ನಾಕ್‌ಔಟ್ ಹಂತ ನಡೆಯುವ ಅಕ್ಟೋಬರಿನ ಲೆಕ್ಕ ಮಾತ್ರ ಬೇರೆಯೇ. ಆಗ ವಿರಾಮದ ದಿನಗಳು ಹೆಚ್ಚು, ಮೂವರು ನಾಲ್ವರು ಸ್ಟಾರ್ಟರ್‌ಗಳು ಸಾಕು. 2024ರಲ್ಲಿ ಡಾಜರ್ಸ್ ಮೂವರನ್ನೇ ನೆಚ್ಚಿ, ಉಳಿದ ಪಂದ್ಯಗಳನ್ನು ಬುಲ್‌ಪೆನ್‌ನಿಂದ ದಾಟಿಸಿ ಗೆದ್ದಿತು. ಹೀಗಾಗಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತೋಳನ್ನು ಎಷ್ಟು ಉಳಿಸಿಕೊಂಡಿರಿ ಎಂಬುದು ಆ ತಿಂಗಳಲ್ಲಿ ಲೆಕ್ಕಕ್ಕೆ ಬರುತ್ತದೆ. 2025ರಲ್ಲಿ ಯಮಮೊಟೊನನ್ನು ತಂಡವು ಬಹುಪಾಲು ಜಪಾನಿನ ಲಯದಲ್ಲೇ, ಐದು ದಿನಕ್ಕೆ ಕಡಿಮೆಯಿಲ್ಲದ ವಿರಾಮ ಕೊಟ್ಟು, 30 ಪಂದ್ಯಗಳಲ್ಲಿ ಆಡಿಸಿತ್ತು. ವರ್ಲ್ಡ್ ಸೀರೀಸಿನ ಆರನೆಯ ಪಂದ್ಯದಲ್ಲಿ ಅವನು ಟೊರಾಂಟೊದಲ್ಲಿ 96 ಎಸೆತ ಎಸೆದು ಗೆಲ್ಲಿಸಿದ. ಮರುರಾತ್ರಿ ಏಳನೆಯ ಪಂದ್ಯದ ಒಂಬತ್ತನೆಯ ಇನ್ನಿಂಗ್ಸಿನಲ್ಲಿ ಮತ್ತೆ ಮೈದಾನಕ್ಕಿಳಿದು, ಇನ್ನೂ 34 ಎಸೆತಗಳನ್ನು ಎಸೆದು, ಹನ್ನೊಂದನೆಯ ಇನ್ನಿಂಗ್ಸಿನ ಕೊನೆಯ ಔಟ್‌ವರೆಗೂ ಅಲ್ಲೇ ನಿಂತಿದ್ದ.